ಎಫ್‌ಸಿಂಕ್ ಗೆದ್ದಿತು, ಕರೆಂಟು ಹೋಯಿತು, ದಾಖಲೆ ಕಾಣೆ: ಬ್ಲಾಕ್ ಡ್ರೈವರ್‌ನಲ್ಲಿ ಫ್ಲಶ್ ಮತ್ತು ಬರಹದ ಕ್ರಮ

ಪ್ರಶ್ನೆ: ಕೋಲಾರ ಜಿಲ್ಲೆಯ ಹಳ್ಳಿ ಡೇರಿಗಳಿಗೆ ಹಾಲಿನ ಲೆಕ್ಕ ಇಡುವ ಪೆಟ್ಟಿಗೆ ತಯಾರಿಸುತ್ತೇವೆ. ಹಾಲು ಹಾಕಿದವರ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅನ್ನು ಫೈಲಿಗೆ ಬರೆದು, ಎಫ್‌ಸಿಂಕ್ (ಬರೆದದ್ದನ್ನು ಶಾಶ್ವತ ಜಾಗಕ್ಕೆ ಸೇರಿಸು ಎಂದು ಕರ್ನೆಲ್‌ಗೆ ಹೇಳುವ ಕರೆ) ಮಾಡಿ, ಆಮೇಲೆ ಚೀಟಿ ಮುದ್ರಿಸುತ್ತೇವೆ. ಒಳಗಿರುವುದು ಆರ್ಮ್ 64 ಬೋರ್ಡು, ಲಿನಕ್ಸ್ 6.12, ಎಕ್ಸ್‌ಟಿ4 ಫೈಲ್ ಸಿಸ್ಟಮ್. ಸ್ಟೋರೇಜ್ ಕಾರ್ಡ್ ನಮ್ಮದೇ: ಪಿಸಿಐಇ ಮೇಲೆ ಎಫ್‌ಪಿಜಿಎ (ನಮಗೆ ಬೇಕಾದ ಹಾಗೆ ಸರ್ಕ್ಯೂಟು ಜೋಡಿಸಿಕೊಳ್ಳುವ ಚಿಪ್), ಕ್ಯಾಶ್ ಆಗಿ 64 ಎಂಬಿ ಡಿರ್ಯಾಮ್ (ಕರೆಂಟು ಹೋದರೆ ಅಳಿಯುವ ಮೆಮೊರಿ), ನಾಲ್ಕು ಚಾನೆಲ್ ಎಂಎಲ್‌ಸಿ ನ್ಯಾಂಡ್ (ಒಂದು ಕೋಶದಲ್ಲಿ ಎರಡು ಬಿಟ್ ಇಡುವ, ಕರೆಂಟು ಹೋದರೂ ಉಳಿಯುವ ಫ್ಲ್ಯಾಶ್). ಬ್ಲಾಕ್ ಡ್ರೈವರ್ ಕೂಡ ನಾವೇ ಬರೆದದ್ದು. ಬೆಳಗಿನ ಅಥವಾ ಸಂಜೆಯ ಹಾಲಿನ ಹೊತ್ತಿಗೆ ಕರೆಂಟು ಹೋಗಿ ಬಂದರೆ, ಚೀಟಿ ಕೊಟ್ಟಾಗಿರುವ ದಾಖಲೆಗಳೇ ಕೆಲವು ಸಲ ಇರುವುದಿಲ್ಲ. ಒಮ್ಮೆ ಫೈಲಿನ ಅಳತೆ ಸರಿಯಾಗಿತ್ತು, ಒಳಗೆ ಬರೀ ಸೊನ್ನೆ. ಇನ್ನೊಮ್ಮೆ ಜರ್ನಲ್ (ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಮೊದಲು ಬರೆದಿಡುವ ದಿನಚರಿ) ಚೆಕ್‌ಸಮ್ ದೋಷ ಬಂತು. ಡೋರ್‌ಬೆಲ್‌ಗೆ (ಹೊಸ ಕೆಲಸ ಬಂದಿದೆ ಎಂದು ಕಾರ್ಡಿಗೆ ತಿಳಿಸುವ ರಿಜಿಸ್ಟರ್) ಮುಂಚೆ ಡಬ್ಲ್ಯುಎಂಬಿ (ಪ್ರೊಸೆಸರ್‌ನ ಬರಹಗಳ ಕ್ರಮ ಕಾಯುವ ತಡೆ) ಹಾಕಿದೆವು, ಕ್ಯೂ ಡೆಪ್ತ್ (ಒಟ್ಟಿಗೆ ಕಾರ್ಡಿಗೆ ಕೊಡುವ ವಿನಂತಿಗಳ ಸಂಖ್ಯೆ) 1ಕ್ಕೆ ಇಳಿಸಿದೆವು, ಏನೂ ಬದಲಾಗಲಿಲ್ಲ. ಡಿರ್ಯಾಮ್‌ನಲ್ಲಿರುವುದನ್ನು ನ್ಯಾಂಡ್‌ಗೆ ಇಳಿಸುವ ‘ಕಮಿಟ್’ ಆಜ್ಞೆ ಫರ್ಮ್‌ವೇರ್‌ನಲ್ಲಿದೆ, ಆದರೆ ಡ್ರೈವರ್ ಮಾಡ್ಯೂಲ್ ತೆಗೆಯುವಾಗ ಮಾತ್ರ ಕಳಿಸುತ್ತೇವೆ. ಪ್ರತಿ ರೈಟ್ ಆದ ಮೇಲೂ ಅದನ್ನು ಕಳಿಸಬೇಕೆ? ಬರಹದ ಕ್ರಮ ಕಾಯುವುದು ಯಾರ ಕೆಲಸ? ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? (ನರಸಾಪುರ ಕೈಗಾರಿಕಾ ಪ್ರದೇಶದಿಂದ ಓದುಗರೊಬ್ಬರು)

ಉತ್ತರ: ನಿಮ್ಮ ಡ್ರೈವರ್‌ಗೆ ಫ್ಲಶ್, ಅಂದರೆ ಕ್ಯಾಶ್‌ನಲ್ಲಿರುವುದನ್ನು ಶಾಶ್ವತ ಜಾಗಕ್ಕೆ ಇಳಿಸು ಎಂಬ ವಿನಂತಿ, ಬರುತ್ತಲೇ ಇಲ್ಲ. ನನಗೆ ಕ್ಯಾಶ್ ಇದೆ, ಫ್ಲಶ್ ಕಳಿಸು ಎಂದು ಅದು ಕರ್ನೆಲ್‌ಗೆ ಹೇಳಿಯೇ ಇಲ್ಲ. ನೀವು ಕಂಡ ಮೂರೂ ಲಕ್ಷಣಗಳಿಗೆ ಈ ಒಂದು ಕಾರಣ ಸಾಕು.

ಆಗುತ್ತಿರುವುದು ಹೀಗೆ. ಎಫ್‌ಸಿಂಕ್ ಕರೆದಾಗ ಎಕ್ಸ್‌ಟಿ4 ಮೊದಲು ಡೇಟಾ ಬ್ಲಾಕ್‌ಗಳನ್ನು ಕಳಿಸಿ, ಅವು ಮುಗಿಯುವವರೆಗೆ ಕಾಯುತ್ತದೆ. ನಂತರ ಜರ್ನಲ್‌ಗೆ ಮೆಟಾಡೇಟಾ (ಫೈಲಿನ ಅಳತೆ, ಜಾಗ ಮುಂತಾದ ವಿವರ) ಬರೆಯುತ್ತದೆ. ಕೊನೆಗೆ ಜರ್ನಲ್‌ನ ಕಮಿಟ್ ಬ್ಲಾಕನ್ನು (ಹಿಂದಿನದೆಲ್ಲ ಪೂರ್ತಿ ಎಂಬ ಸಾಕ್ಷಿ, ನಿಮ್ಮ ಕಾರ್ಡಿನ ‘ಕಮಿಟ್’ ಆಜ್ಞೆ ಅಲ್ಲ) ಎರಡು ಗುರುತು ಹಾಕಿ ಕಳಿಸುತ್ತದೆ: ಪ್ರೀಫ್ಲಶ್ ಮತ್ತು ಎಫ್‌ಯುಎ. ಪ್ರೀಫ್ಲಶ್ ಎಂದರೆ, ಈ ಬ್ಲಾಕ್ ಬರೆಯುವ ಮೊದಲು ಇಲ್ಲಿಯತನಕ ಮುಗಿದಿರುವ ಬರಹಗಳನ್ನೆಲ್ಲ ಶಾಶ್ವತ ಜಾಗಕ್ಕೆ ಇಳಿಸು. ಎಫ್‌ಯುಎ ಎಂದರೆ, ಈ ಬ್ಲಾಕ್ ತಾನೇ ಶಾಶ್ವತ ಜಾಗ ಸೇರಿದ ಮೇಲಷ್ಟೇ ಮುಗಿಯಿತು ಅನ್ನು. ಆದರೆ ಈ ವಿನಂತಿ ಬ್ಲಾಕ್ ಲೇಯರ್ (ಫೈಲ್ ಸಿಸ್ಟಮ್ ಮತ್ತು ಡ್ರೈವರ್ ನಡುವಿನ ಕರ್ನೆಲ್ ಭಾಗ) ಮುಟ್ಟಿದಾಗ, ಕೆಳಗಿನ ಸಾಧನ ‘ನನ್ನಲ್ಲಿ ಕ್ಯಾಶ್ ಇದೆ’ ಎಂದು ಘೋಷಿಸಿರದಿದ್ದರೆ ಕರ್ನೆಲ್ ಆ ಎರಡೂ ಗುರುತುಗಳನ್ನು ಅಲ್ಲೇ ಅಳಿಸಿಬಿಡುತ್ತದೆ. ಡೇಟಾ ಇಲ್ಲದ ಬರಿಯ ಫ್ಲಶ್ ಆಗಿದ್ದರೆ ಡ್ರೈವರ್ ಮುಖ ನೋಡದೆಯೇ ಯಶಸ್ವಿ ಎಂದು ಹಿಂದಿರುಗಿಸುತ್ತದೆ. ಕರ್ನೆಲ್‌ನ ಕಡೆಯಿಂದ ಇದು ತಪ್ಪೇನಲ್ಲ. ಕ್ಯಾಶ್ ಇಲ್ಲದ ಸಾಧನಕ್ಕೆ ಫ್ಲಶ್ ಯಾಕೆ ಬೇಕು? ಸುಳ್ಳು ಹೇಳಿದ್ದು ಡ್ರೈವರ್, ಅದೂ ಮೌನವಾಗಿ.

ಫೈಲಿನ ಅಳತೆ ಸರಿ, ಒಳಗೆ ಸೊನ್ನೆ ಎಂಬ ಲಕ್ಷಣ ಈ ರೋಗದ ಸಹಿ ಇದ್ದಂತೆ. ಎಕ್ಸ್‌ಟಿ4ನ ಮಾಮೂಲಿ ‘ಆರ್ಡರ್ಡ್’ ವಿಧಾನದಲ್ಲಿ ಡೇಟಾ ಮೊದಲು, ಅದರ ಮೆಟಾಡೇಟಾದ ಕಮಿಟ್ ಆಮೇಲೆ. ಈ ಹಿಂದುಮುಂದನ್ನು ನ್ಯಾಂಡ್‌ನವರೆಗೆ ಕಾಪಾಡುವುದು ಆ ಪ್ರೀಫ್ಲಶ್ ಒಂದೇ. ಅದು ಬಿದ್ದುಹೋದರೆ, ಎರಡೂ ನಿಮ್ಮ 64 ಎಂಬಿ ಡಿರ್ಯಾಮ್‌ನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಫರ್ಮ್‌ವೇರ್ ತನ್ನ ಅನುಕೂಲ ನೋಡಿಕೊಂಡು ಕಮಿಟ್ ಬ್ಲಾಕನ್ನು ಮೊದಲು ಇಳಿಸಿದ ಕ್ಷಣಕ್ಕೆ ಕರೆಂಟು ಹೋದರೆ, ಅಳತೆ ಬೆಳೆದಿರುತ್ತದೆ, ಡೇಟಾ ಬಂದಿರುವುದಿಲ್ಲ. ಜರ್ನಲ್ ಚೆಕ್‌ಸಮ್ ದೋಷ ಕೂಡ ಅದೇ ಕಥೆ: ಕಮಿಟ್ ಬ್ಲಾಕ್ ಇಳಿದಿದೆ, ಅದು ಸಾಕ್ಷಿ ಹೇಳಬೇಕಾದ ಬ್ಲಾಕ್‌ಗಳು ಇಳಿದಿಲ್ಲ.

ಇನ್ನು ಡಬ್ಲ್ಯುಎಂಬಿ ವಿಷಯ. ಕ್ರಮ ಎಂಬ ಮಾತು ಇಲ್ಲಿ ಬೇರೆ ಬೇರೆ ಜಾಗದಲ್ಲಿ ಬರುತ್ತದೆ, ಅವುಗಳನ್ನು ಬೆರೆಸಬಾರದು. ಡಬ್ಲ್ಯುಎಂಬಿ ನೋಡಿಕೊಳ್ಳುವುದು ಪ್ರೊಸೆಸರ್‌ನ ಬರಹಗಳನ್ನು ಮಾತ್ರ: ಡಿಸ್ಕ್ರಿಪ್ಟರ್‌ನ (ಕಾರ್ಡಿಗೆ ಆಜ್ಞೆ ಕೊಡುವ ಮೆಮೊರಿಯ ನಮೂದು) ವಿವರಗಳು ಮೆಮೊರಿ ಸೇರಿದ ಮೇಲೆಯೇ ಡೋರ್‌ಬೆಲ್ ಕಾರ್ಡಿಗೆ ಕಾಣಬೇಕು. ಡೋರ್‌ಬೆಲ್ ಅನ್ನು ರೈಟ್‌ಎಲ್ ಮೂಲಕ ಒತ್ತುತ್ತಿದ್ದರೆ ಆ ತಡೆ ಅದರೊಳಗೇ ಇದೆ, ನೀವು ಸೇರಿಸಿದ್ದು ಹೆಚ್ಚುವರಿ. ‘ರಿಲ್ಯಾಕ್ಸ್ಡ್’ ರೂಪ ಬಳಸುತ್ತಿದ್ದರೆ ಮಾತ್ರ ಬೇಕು. ಡಿಸ್ಕ್ರಿಪ್ಟರ್‌ನಲ್ಲಿ ‘ಇದು ಈಗ ಕಾರ್ಡಿನದು’ ಎನ್ನುವ ಬಿಟ್ ಇದ್ದರೆ, ಉಳಿದ ವಿವರ ಬರೆದು, ಡಿಎಂಎ-ಡಬ್ಲ್ಯುಎಂಬಿ ಹಾಕಿ, ಆಮೇಲೆ ಆ ಬಿಟ್ ಬರೆಯಿರಿ. ವಾಪಸು ಬರುವಾಗ ಕಂಪ್ಲೀಷನ್ ನಮೂದಿನ ‘ಸಿದ್ಧ’ ಬಿಟ್ ಓದಿದ ನಂತರ ಡಿಎಂಎ-ಆರ್‌ಎಂಬಿ ಹಾಕಿ ಉಳಿದದ್ದನ್ನು ಓದಿ. ಇವೆಲ್ಲ ಬೇಕಾದವೇ. ಆದರೆ ಡೋರ್‌ಬೆಲ್ ಒತ್ತಿದ ಮೇಲೆ ಕಾರ್ಡಿನೊಳಗೆ ಯಾವುದು ಮೊದಲು ನ್ಯಾಂಡ್ ಸೇರುತ್ತದೆ ಎನ್ನುವುದಕ್ಕೂ ಇವಕ್ಕೂ ಸಂಬಂಧವಿಲ್ಲ.

ಎರಡನ್ನೂ ಬೇರ್ಪಡಿಸಿ ನೋಡಲು ಸುಲಭದ ಗುರುತು ಇದೆ. ಕರೆಂಟು ಹೋಗದೆಯೇ, ಬರೆದದ್ದನ್ನು ಪೇಜ್ ಕ್ಯಾಶ್ (ಕರ್ನೆಲ್ ಫೈಲುಗಳ ಪ್ರತಿ ಇಟ್ಟುಕೊಳ್ಳುವ ಮೆಮೊರಿ) ಖಾಲಿ ಮಾಡಿ ಮತ್ತೆ ಓದಿದಾಗ ಹಳೆಯದೋ ಕಸವೋ ಬಂದರೆ ತಪ್ಪು ಡಿಎಂಎ (ಕಾರ್ಡು ನೇರವಾಗಿ ಮೆಮೊರಿ ಓದಿ ಬರೆಯುವ ವಿಧಾನ) ಕಡೆಗಿದೆ: ಮ್ಯಾಪ್ ಮಾಡದೆ ಬಫರ್ ಕೊಟ್ಟಿರಬಹುದು, ಮ್ಯಾಪ್‌ನ ದಿಕ್ಕು ತಪ್ಪಿರಬಹುದು, ಇಲ್ಲವೇ ಪ್ರೊಸೆಸರ್ ಕ್ಯಾಶ್ ಮೆಮೊರಿಗೆ ಇಳಿದಿರಲಿಕ್ಕಿಲ್ಲ. ಕರೆಂಟು ಹೋದಾಗ ಮಾತ್ರ ಕೆಡುತ್ತದೆ ಎಂದಾದರೆ ಫ್ಲಶ್ ಕಡೆ ನೋಡಿ. ನಿಮ್ಮದು ಎರಡನೆಯದು.

ಕ್ಯೂ ಡೆಪ್ತ್ 1 ಮಾಡಿದ್ದೂ ಅದೇ ಕಾರಣಕ್ಕೆ ಫಲ ಕೊಡಲಿಲ್ಲ. ವಿನಂತಿಗಳು ಒಂದೊಂದಾಗಿ ಡಿರ್ಯಾಮ್ ಸೇರಿದವು, ಸರಿ. ಡಿರ್ಯಾಮ್‌ನಿಂದ ನಾಲ್ಕು ಚಾನೆಲ್‌ಗೆ ಹೊರಟಾಗ ಆ ಸಾಲು ಉಳಿಯಲಿಲ್ಲ. ಹಾಲು ಅಳತೆಯ ಪಾತ್ರೆಗೆ ಬಿದ್ದದ್ದಕ್ಕೂ ಕ್ಯಾನು ಸೇರಿ ಮುಚ್ಚಳ ಬಿದ್ದದ್ದಕ್ಕೂ ಇರುವಷ್ಟೇ ಅಂತರ ಇಲ್ಲಿದೆ. ನಿಮ್ಮ ಕಾರ್ಡಿನ ‘ಮುಗಿಯಿತು’ ಪಾತ್ರೆಯ ಮಟ್ಟದ್ದು. ಡೆಪ್ತನ್ನು ಮೊದಲಿದ್ದ ಹಾಗೆ ಬಿಡಿ.

ಹಾಗಾದರೆ ಕ್ರಮ ಕಾಯುವುದು ಯಾರು? ಈಗಿನ ಲಿನಕ್ಸ್‌ನಲ್ಲಿ ಡ್ರೈವರ್ ಅಲ್ಲ, ಬ್ಲಾಕ್ ಲೇಯರೂ ಅಲ್ಲ. ಫೈಲ್ ಸಿಸ್ಟಮ್. ಮೊದಲಿನದು ಮುಗಿಯುವವರೆಗೆ ಕಾದು, ಆಮೇಲೆ ಎರಡನೆಯದನ್ನು ಕಳಿಸುತ್ತದೆ, ನಡುವೆ ಫ್ಲಶ್ ಇಡುತ್ತದೆ. ಹಿಂದೆ ‘ಬ್ಯಾರಿಯರ್’ ಎಂಬ ವಿನಂತಿ ಇತ್ತು, ಅದು ಬಂದರೆ ಬ್ಲಾಕ್ ಲೇಯರ್ ಇಡೀ ಸಾಲನ್ನು ಖಾಲಿ ಮಾಡಿಸಿ ಕ್ರಮ ಕಾಯುತ್ತಿತ್ತು. 2011ರ ಜನವರಿಯಲ್ಲಿ ಬಂದ 2.6.37ರಲ್ಲಿ ಅದನ್ನು ಕಿತ್ತುಹಾಕಿ ಫ್ಲಶ್ ಮತ್ತು ಎಫ್‌ಯುಎ ಮಾತ್ರ ಉಳಿಸಿದರು. ಹಳೆಯ ಪಾಠಗಳನ್ನು ಓದಿ ಡ್ರೈವರ್‌ನಲ್ಲಿ ಕ್ರಮ ಜೋಡಿಸಲು ಹೋಗುವವರು ಈಗಲೂ ಇದ್ದಾರೆ. ಆ ಶ್ರಮ ಬೇಡ. ಶೆಡ್ಯೂಲರ್ ವಿನಂತಿಗಳನ್ನು ಹಿಂದುಮುಂದು ಮಾಡಬಹುದು, ಜೋಡಿಸಬಹುದು, ಬೇರೆ ಬೇರೆ ಹಾರ್ಡ್‌ವೇರ್ ಕ್ಯೂಗೆ ಹಾಕಬಹುದು. ಒಟ್ಟಿಗೆ ಹಾರಾಟದಲ್ಲಿರುವ ಎರಡು ವಿನಂತಿಗಳ ನಡುವೆ ಯಾವ ಕ್ರಮವೂ ಇಲ್ಲ ಎಂದೇ ಎಲ್ಲರೂ ಒಪ್ಪಿಕೊಂಡಿದ್ದಾರೆ. ಎಸ್‌ಎಸ್‌ಡಿಗಳ ಎನ್‌ವಿಎಂಇ ಮಾನದಂಡ ಕೂಡ ಅದನ್ನೇ ಹೇಳುತ್ತದೆ.

ಡ್ರೈವರ್‌ನ ಪಾಲಿಗೆ ಉಳಿಯುವ ಮಾತು ಇಷ್ಟು ಸಣ್ಣದು: ಫ್ಲಶ್ ಯಶಸ್ವಿ ಎಂದು ಹಿಂದಿರುಗಿಸಿದರೆ, ಆ ಫ್ಲಶ್ ಕೈಗೆ ಬರುವ ಮೊದಲು ‘ಮುಗಿಯಿತು’ ಎಂದು ಹೇಳಿದ್ದ ಪ್ರತಿ ಬರಹವೂ ಕರೆಂಟು ಹೋದರೂ ಉಳಿಯಬೇಕು. ಇನ್ನೂ ಹಾರಾಟದಲ್ಲಿರುವ ಬರಹಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ರೈಟ್‌ಗೂ ಕಮಿಟ್ ಕಳಿಸಬೇಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ: ಬೇಡ. ಫ್ಲಶ್ ಬಂದಾಗ ಮಾತ್ರ.

ಕೆಲಸ ಶುರು ಮಾಡುವುದು ಪ್ರೋಬ್‌ನಲ್ಲಿ, ಅಂದರೆ ಕಾರ್ಡು ಸಿಕ್ಕಾಗ ಕರ್ನೆಲ್ ಕರೆಯುವ ಡ್ರೈವರ್ ಫಂಕ್ಷನ್‌ನಲ್ಲಿ. 6.11ರಿಂದ ಈಚೆಗೆ ಡಿಸ್ಕ್ ಅಲೊಕೇಟ್ ಮಾಡುವಾಗ ಕೊಡುವ ಕ್ಯೂ ಲಿಮಿಟ್ಸ್‌ನಲ್ಲಿ ‘ಫೀಚರ್ಸ್’ ಎಂಬ ಜಾಗವಿದೆ; ಅಲ್ಲಿ ‘ಬಿಎಲ್‌ಕೆ_ಫೀಟ್_ರೈಟ್_ಕ್ಯಾಶ್’ ಬಿಟ್ ಹಾಕಿ. ಹಳೆಯ ಕರ್ನೆಲ್‌ಗೂ ಇದೇ ಡ್ರೈವರ್ ಬೇಕಿದ್ದರೆ ಅಲ್ಲಿ ‘ಬಿಎಲ್‌ಕೆ_ಕ್ಯೂ_ರೈಟ್_ಕ್ಯಾಶ್’ ಎಂಬ ಫಂಕ್ಷನ್ ಕರೆಯಬೇಕು, ಕ್ಯಾಶ್‌ಗೆ ಟ್ರೂ, ಎಫ್‌ಯುಎಗೆ ಫಾಲ್ಸ್. ಎಫ್‌ಯುಎ ಬಿಟ್ ಸದ್ಯಕ್ಕೆ ಹಾಕಬೇಡಿ. ನಿಮ್ಮ ಫರ್ಮ್‌ವೇರ್‌ನಲ್ಲಿ ಒಂದೇ ಬ್ಲಾಕನ್ನು ನೇರ ನ್ಯಾಂಡ್‌ಗೆ ಇಳಿಸುವ ದಾರಿ ಇಲ್ಲ. ಎಫ್‌ಯುಎ ಇಲ್ಲ ಎಂದರೆ ಬ್ಲಾಕ್ ಲೇಯರೇ ಕಮಿಟ್ ಬ್ಲಾಕನ್ನು ಮೂರು ತುಂಡು ಮಾಡುತ್ತದೆ: ಒಂದು ಫ್ಲಶ್, ಬರಹ, ಇನ್ನೊಂದು ಫ್ಲಶ್. ಆ ಕೆಲಸವನ್ನು ಡ್ರೈವರ್ ಒಳಗೆ ತಾವೇ ಮಾಡಲು ಹೋಗಿ ಎಡವಿದವರು ಬಹಳ. ಬ್ಲಾಕ್ ಲೇಯರ್‌ಗೆ ಇನ್ನೊಂದು ಅನುಕೂಲವೂ ಇದೆ, ಒಂದೇ ಹೊತ್ತಿಗೆ ಬಂದ ಹಲವು ಫ್ಲಶ್‌ಗಳನ್ನು ಕೂಡಿಸಿ ಒಂದೇ ಆಗಿ ಕಳಿಸುತ್ತದೆ.

ವಿನಂತಿಗಳನ್ನು ಸ್ವೀಕರಿಸುವ ನಿಮ್ಮ ‘ಕ್ಯೂ_ಆರ್‌ಕ್ಯೂ’ ಫಂಕ್ಷನ್‌ನಲ್ಲಿ ವಿನಂತಿಯ ಬಗೆ ನೋಡಿ ಕವಲೊಡೆಯಿರಿ. ಓದು, ಬರಹ, ಫ್ಲಶ್. ಉಳಿದದ್ದಕ್ಕೆ ‘ಬೆಂಬಲವಿಲ್ಲ’ ಎಂಬ ಸ್ಥಿತಿ. ಈಗಿನ ಹಾಗೆ ‘ಓದು ಅಲ್ಲದಿದ್ದರೆ ಬರಹ’ ಎಂದು ಬರೆದಿದ್ದರೆ, ಕ್ಯಾಶ್ ಬಿಟ್ ಹಾಕಿದ ದಿನವೇ ಡ್ರೈವರ್ ಕುಸಿಯುತ್ತದೆ, ಏಕೆಂದರೆ ಫ್ಲಶ್ ವಿನಂತಿಗೆ ಬಯೋ (ಡೇಟಾ ಎಲ್ಲಿದೆ ಎಂದು ಹೇಳುವ ಕರ್ನೆಲ್ ರಚನೆ) ಇರುವುದಿಲ್ಲ, ಉದ್ದ ಸೊನ್ನೆ, ಸೆಕ್ಟರ್ ಸಂಖ್ಯೆಗೆ ಅರ್ಥವಿಲ್ಲ. ಸ್ಕ್ಯಾಟರ್ ಪಟ್ಟಿ (ಡೇಟಾ ಚದುರಿರುವ ಮೆಮೊರಿ ತುಂಡುಗಳ ಪಟ್ಟಿ) ಮ್ಯಾಪ್ ಮಾಡುವುದಾಗಲಿ, ಸೆಕ್ಟರ್ ಮಿತಿ ಪರೀಕ್ಷಿಸುವುದಾಗಲಿ ಫ್ಲಶ್‌ನ ದಾರಿಯಲ್ಲಿ ಇರಬಾರದು. ಫ್ಲಶ್ ಬಂದರೆ ಕಮಿಟ್ ಆಜ್ಞೆಯ ಡಿಸ್ಕ್ರಿಪ್ಟರ್ ತುಂಬಿ ಡೋರ್‌ಬೆಲ್ ಒತ್ತಿ, ಅಷ್ಟೇ. ವಿನಂತಿಯನ್ನು ಮುಗಿಸುವುದು ಕಾರ್ಡಿನ ಇಂಟರಪ್ಟ್ ಬಂದ ಮೇಲೆ. ಆಜ್ಞೆ ಕಳಿಸಿದ ತಕ್ಷಣ ಮುಗಿಸಿದರೆ ಈಗಿರುವ ಸ್ಥಿತಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಚಾನೆಲ್‌ಗಳಿಗೆ ಪ್ರತ್ಯೇಕ ಕಮಿಟ್ ಕಳಿಸುವ ವಿನ್ಯಾಸವಾಗಿದ್ದರೆ ನಾಲ್ಕೂ ಉತ್ತರ ಬರಬೇಕು, ಒಂದರಲ್ಲಿ ದೋಷ ಬಂದರೂ ಇಡೀ ಫ್ಲಶ್ ವಿಫಲ. ಜೊತೆಗೆ ಡ್ರೈವರ್‌ನ ಷಟ್‌ಡೌನ್ ಮತ್ತು ಸಸ್ಪೆಂಡ್ ದಾರಿಯಲ್ಲೂ ಒಂದು ಕಮಿಟ್ ಕಳಿಸಿ. ಮಾಡ್ಯೂಲ್ ತೆಗೆಯುವಾಗ ಮಾತ್ರ ಕಳಿಸಿದರೆ ಸಾಲದು, ಬೋರ್ಡ್ ರೀಬೂಟ್ ಆಗುವಾಗ ಆ ದಾರಿ ನಡೆಯುವುದಿಲ್ಲ.

ದೋಷಗಳ ದಾರಿಗೆ ಹೆಚ್ಚು ಹೊತ್ತು ಕೊಡಿ, ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಬ್ಲಾಕ್ ಲೇಯರ್‌ನ ಮಾಮೂಲಿ ಟೈಮ್‌ಔಟ್ 30 ಸೆಕೆಂಡು. ನಿಮ್ಮ ನ್ಯಾಂಡ್ ಸೆಕೆಂಡಿಗೆ 20 ಎಂಬಿ ಬರೆಯುತ್ತದೆ ಎಂದಿಟ್ಟುಕೊಂಡರೆ ತುಂಬಿದ 64 ಎಂಬಿ ಖಾಲಿಯಾಗಲು 3.2 ಸೆಕೆಂಡು, ಕಸ ಸಂಗ್ರಹವೂ (ಬೇಕಾದ ಪುಟಗಳನ್ನು ಬೇರೆಡೆ ಬರೆದು ನ್ಯಾಂಡ್‌ನ ಹಳೆಯ ಬ್ಲಾಕ್‌ಗಳನ್ನು ಅಳಿಸುವ ಕೆಲಸ) ನಡೆಯುತ್ತಿದ್ದರೆ ಅದರ ಕೆಲವು ಪಟ್ಟು. 30ರೊಳಗೆ ಬರುತ್ತದೆ. ಆದರೂ ಟೈಮ್‌ಔಟ್ ಆಗಿ ನೀವು ಕಾರ್ಡನ್ನು ರೀಸೆಟ್ ಮಾಡುತ್ತೀರಿ ಎನ್ನೋಣ. ಎಫ್‌ಪಿಜಿಎ ರೀಸೆಟ್ ಆದರೆ ಡಿರ್ಯಾಮ್ ಬಫರ್‌ನ ಲೆಕ್ಕ ಅಳಿಸಿತು. ಅದರಲ್ಲಿದ್ದ ಬರಹಗಳಿಗೆ ಆಗಲೇ ‘ಮುಗಿಯಿತು’ ಎಂದಾಗಿದೆ, ಅವನ್ನು ಮತ್ತೆ ಕೇಳಲು ಯಾರೂ ಬರುವುದಿಲ್ಲ. ಆ ಬಳಿಕ ಬಂದ ಫ್ಲಶ್ ಖಾಲಿ ಬಫರ್ ಕಂಡು ‘ಸರಿ’ ಅನ್ನುತ್ತದೆ! ಆದ್ದರಿಂದ ಡ್ರೈವರ್‌ನಲ್ಲಿ ಎರಡು ಎಣಿಕೆ ಇಡಿ: ಕೊನೆಯ ಯಶಸ್ವಿ ಫ್ಲಶ್‌ನ ನಂತರ ಯಾವುದಾದರೂ ಬರಹ ಮುಗಿದಿದೆಯೇ, ಮತ್ತು ಆ ನಡುವೆ ರೀಸೆಟ್ ಆಯಿತೇ. ಎರಡೂ ಹೌದಾದರೆ ಮುಂದಿನ ಫ್ಲಶ್ ಐಒ ದೋಷದೊಂದಿಗೆ ಹಿಂದಿರುಗಬೇಕು. ಎಕ್ಸ್‌ಟಿ4 ಜರ್ನಲ್ ನಿಲ್ಲಿಸಿ ಫೈಲ್ ಸಿಸ್ಟಮನ್ನು ಓದಲು ಮಾತ್ರ ಎಂದು ಮಾಡಬಹುದು. ಮಾಡಲಿ. ಬೆಳಗಿನ ಆರು ಗಂಟೆಗೆ ಪೆಟ್ಟಿಗೆ ನಿಂತರೆ ಕಾರ್ಯದರ್ಶಿ ಪುಸ್ತಕ ತೆಗೆದು ಬರೆದುಕೊಳ್ಳುತ್ತಾರೆ. ಸುಳ್ಳು ಲೆಕ್ಕ ಬರೆದುಕೊಂಡರೆ ಬಟವಾಡೆಯ ದಿನ ಜಗಳ.

ಇಷ್ಟು ಡ್ರೈವರ್ ಮಾತು. ಆದರೆ ನಿಮ್ಮ ಕಮಿಟ್ ಆಜ್ಞೆ ನಿಜವಾಗಿ ಕಮಿಟ್ ಮಾಡುತ್ತದೆಯೇ? ಇಲ್ಲಿಯವರೆಗೆ ಅದು ಮಾಡ್ಯೂಲ್ ತೆಗೆಯುವಾಗ ಮಾತ್ರ ಓಡಿದೆ, ಆಗ ಬೇರೆ ಸಂಚಾರವೇ ಇರುವುದಿಲ್ಲ. ಸಂಚಾರದ ನಡುವೆ ಓಡಿಸಿದಾಗ ಫರ್ಮ್‌ವೇರ್‌ನಲ್ಲಿ ಕೆಲವು ಹಳ್ಳಗಳಿವೆ.

ಡೇಟಾ ಪುಟ ನ್ಯಾಂಡ್ ಸೇರಿದರೆ ಸಾಲದು, ಯಾವ ಸೆಕ್ಟರ್ ಯಾವ ಪುಟದಲ್ಲಿದೆ ಎಂಬ ಮ್ಯಾಪಿಂಗ್ ಕೋಷ್ಟಕವೂ ಉಳಿಯಬೇಕು. ಅದು ಡಿರ್ಯಾಮ್‌ನಲ್ಲೇ ಉಳಿದು ಹೋದರೆ, ಮತ್ತೆ ಬೂಟ್ ಆದಾಗ ಹಳೆಯ ಕೋಷ್ಟಕ ಹಳೆಯ ಪುಟವನ್ನೇ ತೋರಿಸುತ್ತದೆ. ಹೊಸ ಡೇಟಾ ನ್ಯಾಂಡ್‌ನಲ್ಲಿದ್ದೂ ಅನಾಥ. ಪ್ರತಿ ಫ್ಲಶ್‌ಗೂ ಕೋಷ್ಟಕ ಬರೆಯುವುದು ದುಬಾರಿ. ರೂಢಿಯ ದಾರಿ ಎಂದರೆ ಪ್ರತಿ ಪುಟದ ಸ್ಪೇರ್ ಜಾಗದಲ್ಲಿ ಸೆಕ್ಟರ್ ಸಂಖ್ಯೆಯನ್ನೂ ಏರುತ್ತಾ ಹೋಗುವ ಕ್ರಮಸಂಖ್ಯೆಯನ್ನೂ ಬರೆದಿಟ್ಟು, ಬೂಟ್‌ನಲ್ಲಿ ಕೊನೆಯ ಚೆಕ್‌ಪಾಯಿಂಟ್‌ನಿಂದ ಮುಂದಿನ ಪುಟಗಳನ್ನು ಓದಿ ಕೋಷ್ಟಕ ಮತ್ತೆ ಕಟ್ಟುವುದು.

ಪ್ರೋಗ್ರಾಮ್ ಆಜ್ಞೆ ಮುಗಿದ ಮೇಲೆ ನ್ಯಾಂಡ್‌ನ ಸ್ಟೇಟಸ್ ಓದಬೇಕು, ಆಜ್ಞೆ ಹೆಕ್ಸಾ 70. ಬಿಟ್ 6 ಸಿದ್ಧ ಎಂದ ಮೇಲೆ ಬಿಟ್ 0 ನೋಡಿ. ಅದು 1 ಆಗಿದ್ದರೆ ಬರಹ ಸೋತಿದೆ. ಅಲ್ಲಿಯತನಕ ಡಿರ್ಯಾಮ್‌ನ ಪ್ರತಿಯನ್ನು ಬಿಡುಗಡೆ ಮಾಡಬಾರದು. ಬೇರೆ ಬ್ಲಾಕಿಗೆ ಬರೆದು ಗೆದ್ದ ಮೇಲೆಯೇ ಕಮಿಟ್‌ಗೆ ಉತ್ತರ.

ಎಂಎಲ್‌ಸಿ ಆದ್ದರಿಂದ ಇನ್ನೊಂದು ವಿಚಿತ್ರ ಅಪಾಯ ಇದೆ. ಒಂದೇ ಕೋಶದ ಎರಡು ಬಿಟ್‌ಗಳು ಎರಡು ಬೇರೆ ಪುಟಗಳಿಗೆ ಸೇರಿರುತ್ತವೆ, ಕೆಳ ಪುಟ ಮತ್ತು ಮೇಲ್ ಪುಟ. ನಿನ್ನೆ ಕೆಳ ಪುಟ ಬರೆದು ಫ್ಲಶ್‌ಗೆ ಸರಿ ಎಂದಿದ್ದೀರಿ. ಇವತ್ತು ಅದರ ಜೋಡಿಯ ಮೇಲ್ ಪುಟ ಬರೆಯುವಾಗ ಕರೆಂಟು ಹೋದರೆ ನಿನ್ನೆಯ ಪುಟವೂ ಕೆಡುತ್ತದೆ. ಫ್ಲಶ್ ಆದ ದಾಖಲೆ ಹಿಂದಿನಿಂದ ಬಂದು ಸಾಯುವುದು ಹೀಗೆ. ಡ್ರೈವರ್ ಎಷ್ಟು ಚೆನ್ನಾಗಿದ್ದರೂ ತಡೆಯಲಾರದು. ಫ್ಲಶ್ ಬಂದಾಗ ತೆರೆದಿರುವ ಜೋಡಿಗಳನ್ನು ಖಾಲಿ ತುಂಬಿಸಿ ಮುಚ್ಚಿಬಿಡುವುದು ಒಂದು ದಾರಿ. ನಾನಾದರೆ ಬರಹ ಬಂದು ಬೀಳುವ ಪ್ರದೇಶವನ್ನು ಎಸ್‌ಎಲ್‌ಸಿ ರೀತಿಯಲ್ಲಿ, ಅಂದರೆ ಕೆಳ ಪುಟ ಮಾತ್ರ ಬಳಸಿ ಇಡುವುದನ್ನು ಆರಿಸುತ್ತೇನೆ. ಆ ಪ್ರದೇಶದ ಸಾಮರ್ಥ್ಯ ಅರ್ಧವಾಗುತ್ತದೆ, ಹಾಲಿನ ಲೆಕ್ಕಕ್ಕೆ ಅದು ಯಾವ ಲೆಕ್ಕ?

ಇನ್ನು, ಫ್ಲಶ್ ಬಂದ ಗಳಿಗೆಯಲ್ಲಿ ಬಫರ್‌ನ ಕೊನೆಯ ಕ್ರಮಸಂಖ್ಯೆ ಗುರುತು ಹಾಕಿಕೊಂಡು ಅಲ್ಲಿಯವರೆಗೆ ಮಾತ್ರ ಖಾಲಿ ಮಾಡಿ. ‘ಬಫರ್ ಪೂರ್ತಿ ಖಾಲಿಯಾಗುವ ತನಕ’ ಎಂದು ಬರೆದರೆ, ಹೊಸ ಬರಹ ಬರುತ್ತಲೇ ಇದ್ದಾಗ ಫ್ಲಶ್ ಮುಗಿಯುವುದೇ ಇಲ್ಲ.

ಕೆಪಾಸಿಟರ್ ಹಾಕಿ ಫ್ಲಶ್ ಗೊಡವೆಯನ್ನೇ ತಪ್ಪಿಸಬಹುದೆ? ಹಾಕಬಹುದು, ಲೆಕ್ಕ ಹಾಕಿ ನೋಡಿ. 64 ಎಂಬಿ ಇಳಿಸಲು 3.2 ಸೆಕೆಂಡು, ಕಾರ್ಡು 3 ವ್ಯಾಟ್ ಎಳೆದರೆ ಸುಮಾರು 9.6 ಜೂಲ್. 5 ವೋಲ್ಟ್‌ನಿಂದ 3 ವೋಲ್ಟ್‌ಗೆ ಇಳಿಯುವವರೆಗೆ ಒಂದು ಫ್ಯಾರಡ್ ಕೊಡುವುದು 8 ಜೂಲ್. ಕನ್ವರ್ಟರ್ ದಕ್ಷತೆ ಶೇ 80 ಎಂದರೆ 1.5 ಫ್ಯಾರಡ್, ಬಿಸಿಲಿಗೆ ಹಳತಾಗುವುದನ್ನು ಸೇರಿಸಿದರೆ 2 ದಾಟುತ್ತದೆ. ಅದರ ಬದಲು ಬರಹದ ಬಫರನ್ನು 4 ಎಂಬಿಗೆ ಇಳಿಸಿ. 0.2 ಸೆಕೆಂಡು, 0.6 ಜೂಲ್, ಹತ್ತಿರ ಹತ್ತಿರ 0.1 ಫ್ಯಾರಡ್, 0.22 ಫ್ಯಾರಡ್ ಹಾಕಿದರೆ ನೆಮ್ಮದಿ. ಆಗ ಕ್ಯಾಶ್ ಕರೆಂಟಿಗೆ ಹೆದರದ್ದಾಗುತ್ತದೆ, ರೈಟ್-ಕ್ಯಾಶ್ ಬಿಟ್ ತೆಗೆದಿಟ್ಟರೂ ಸುಳ್ಳಾಗುವುದಿಲ್ಲ. ಕೆಪಾಸಿಟರ್‌ನ ಆರೋಗ್ಯವನ್ನು ಕಾರ್ಡು ಅಳೆದು, ಸೋತಾಗ ಬರಹ ನ್ಯಾಂಡ್ ಸೇರಿದ ಮೇಲಷ್ಟೇ ‘ಮುಗಿಯಿತು’ ಎನ್ನುವ ಏರ್ಪಾಡು ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ತನ್ನ ಸಾಧನಗಳ ಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಜಾಗ) ಆ ಡಿಸ್ಕಿನ ಕ್ಯೂ ಫೋಲ್ಡರಿನಲ್ಲಿರುವ ರೈಟ್-ಕ್ಯಾಶ್ ಫೈಲಿಗೆ ‘ರೈಟ್ ಥ್ರೂ’ ಎಂದು ಬರೆದರೆ ಕ್ಯಾಶ್ ಆರಿಹೋಗುತ್ತದೆ ಎಂಬ ನಂಬಿಕೆ ಚಾಲ್ತಿಯಲ್ಲಿದೆ. ಆರುವುದಿಲ್ಲ. ಸಾಧನ ಹಾಗೆಯೇ ಇರುತ್ತದೆ, ಕರ್ನೆಲ್ ಮಾತ್ರ ಫ್ಲಶ್ ಕಳಿಸುವುದನ್ನು ನಿಲ್ಲಿಸುತ್ತದೆ.

ಫ್ಲಶ್‌ನಿಂದ ನಿಧಾನವಾಗುತ್ತದೆ, ನ್ಯಾಂಡ್ ಸವೆಯುತ್ತದೆ ಎಂಬ ಭಯ ನಿಮ್ಮ ಸಂದರ್ಭದಲ್ಲಿ ಬೇಡ. ಒಂದು ಎಫ್‌ಸಿಂಕ್‌ಗೆ ಎರಡು ಫ್ಲಶ್, ಪ್ರತಿಯೊಂದೂ 20 ಮಿಲಿಸೆಕೆಂಡ್ ಎಂದರೂ ಚೀಟಿ ಮುದ್ರಣವೇ ಅದಕ್ಕಿಂತ ನಿಧಾನ. ಎರಡು ಹೊತ್ತಿಗೆ 400 ದಾಖಲೆ, ಪ್ರತಿ ಫ್ಲಶ್‌ಗೆ 16 ಕೆಬಿಯ ನಾಲ್ಕು ಪುಟ ಎಂದು ಧಾರಾಳವಾಗಿ ಹಿಡಿದರೆ ದಿನಕ್ಕೆ ಸುಮಾರು 51 ಎಂಬಿ. 3,000 ಸಲ ಅಳಿಸಬಹುದಾದ 4 ಜಿಬಿ ನ್ಯಾಂಡ್ ಒಟ್ಟು 12 ಟಿಬಿ ತಾಳುತ್ತದೆ. ಕಸ ಸಂಗ್ರಹ ಹತ್ತು ಪಟ್ಟು ಹೆಚ್ಚಿಸಿದರೂ ಪೆಟ್ಟಿಗೆಯ ತಗಡು ಮೊದಲು ತುಕ್ಕು ಹಿಡಿಯುತ್ತದೆ. ಆದ್ದರಿಂದ ಮೌಂಟ್ ಮಾಡುವಾಗ ‘ನೋಬ್ಯಾರಿಯರ್’ (ಫ್ಲಶ್ ಕಳಿಸಬೇಡ ಎಂಬ ಆಯ್ಕೆ) ಹಾಕುವ ಸಲಹೆ ಕೇಳಿಬಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನವರು ಕರ್ನೆಲ್ 4.19ರಲ್ಲಿ ಆ ಆಯ್ಕೆಯನ್ನೇ ತೆಗೆದುಹಾಕಿದರು.

ಅಪ್ಲಿಕೇಶನ್ ಕಡೆ ನೀವು ಚೀಟಿಯನ್ನು ಎಫ್‌ಸಿಂಕ್ ನಂತರ ಮುದ್ರಿಸುವುದು ಸರಿಯಾದ ಕ್ರಮ. ಪ್ರತಿದಿನ ಹೊಸ ಫೈಲು ತೆರೆಯುತ್ತಿದ್ದರೆ ಅದರ ಡೈರೆಕ್ಟರಿಯನ್ನೂ ಒಮ್ಮೆ ಎಫ್‌ಸಿಂಕ್ ಮಾಡಿ. ಎಫ್‌ಸಿಂಕ್ ದೋಷ ಕೊಟ್ಟರೆ ಮತ್ತೆ ಕರೆದು, ಎರಡನೆಯ ಸಲ ಸೊನ್ನೆ ಬಂತೆಂದು ಚೀಟಿ ಕೊಡಬೇಡಿ. ಬರೆಯಲಾಗದ ಪುಟಗಳನ್ನು ಕರ್ನೆಲ್ ‘ಸ್ವಚ್ಛ’ ಎಂದು ಗುರುತು ಮಾಡಿ ದೋಷವನ್ನು ಒಮ್ಮೆ ಹೇಳಿ ಮುಗಿಸಿರುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ತಂಡ ಇದನ್ನು ಕಂಡು ಬೆಚ್ಚಿ, ಎಫ್‌ಸಿಂಕ್ ಸೋತರೆ ಡೇಟಾಬೇಸನ್ನೇ ನಿಲ್ಲಿಸಿ ಲಾಗ್‌ನಿಂದ ಮರಳಿ ಕಟ್ಟುವ ಹಾಗೆ ಬದಲಾಯಿಸಿತು. ಫೈಲು ತೆರೆಯುವಾಗ ಒ-ಡೈರೆಕ್ಟ್ ಆಯ್ಕೆ ಬಳಸಿದರೆ ಎಫ್‌ಸಿಂಕ್ ಬೇಡ ಎಂಬುದೂ ತಪ್ಪು. ಅದು ತಪ್ಪಿಸುವುದು ಪೇಜ್ ಕ್ಯಾಶನ್ನು, ಕಾರ್ಡಿನ ಕ್ಯಾಶನ್ನಲ್ಲ.

ಪರೀಕ್ಷೆಯನ್ನು ಕೆಳಗಿನ ಮೆಟ್ಟಿಲಿನಿಂದ ಹತ್ತಿ. ಮೊದಲು ಸಿಸ್‌ಎಫ್‌ಎಸ್‌ನ ಆ ರೈಟ್-ಕ್ಯಾಶ್ ಫೈಲು ಓದಿ, ‘ರೈಟ್ ಬ್ಯಾಕ್’ ಎಂದಿರಬೇಕು. ಪಕ್ಕದ ಎಫ್‌ಯುಎ ಫೈಲಿನಲ್ಲಿ 0. ನಂತರ ಬ್ಲಾಕ್‌ಟ್ರೇಸ್ (ಬ್ಲಾಕ್ ಲೇಯರ್‌ನ ವಿನಂತಿಗಳನ್ನು ಒಂದೊಂದು ಗೆರೆಯಾಗಿ ತೋರಿಸುವ ಉಪಕರಣ) ಓಡಿಸಿ ಒಂದೇ ಒಂದು ದಾಖಲೆ ಬರೆದು ಎಫ್‌ಸಿಂಕ್ ಮಾಡಿ. ವಿನಂತಿ ಸಾಲಿಗೆ ಬಂದ ಗೆರೆಯಲ್ಲಿ ಬರಹದ ಡಬ್ಲ್ಯು ಅಕ್ಷರದ ಹಿಂದೆಯೂ ಮುಂದೆಯೂ ಎಫ್ ಅಕ್ಷರ ಕಾಣಬೇಕು: ಹಿಂದಿನದು ಪ್ರೀಫ್ಲಶ್, ಮುಂದಿನದು ಎಫ್‌ಯುಎ. ಡ್ರೈವರ್‌ಗೆ ಇಳಿದ ಗೆರೆಗಳಲ್ಲಿ ಫ್ಲಶ್, ಬರಹ, ಫ್ಲಶ್ ಬೇರೆ ಬೇರೆಯಾಗಿ ಕಾಣಬೇಕು. ಈಗಿನ ಡ್ರೈವರ್‌ನಲ್ಲಿ ನೋಡಿದರೆ ಒಂದೂ ಎಫ್ ಇರುವುದಿಲ್ಲ.

ಡಿಎಂ-ಲಾಗ್-ರೈಟ್ಸ್ ಎಂಬ ಡಿವೈಸ್ ಮ್ಯಾಪರ್ ಗುರಿ ಇನ್ನೊಂದು ಸಾಧನ. ಪ್ರತಿ ಬರಹ, ಫ್ಲಶ್, ಎಫ್‌ಯುಎಗಳನ್ನು ಬೇರೊಂದು ಡಿಸ್ಕಿಗೆ ಬರೆದಿಟ್ಟು, ಆಮೇಲೆ ಪ್ರತಿ ಫ್ಲಶ್ ಬಿಂದುವಿನವರೆಗೆ ಮರು ಆಡಿಸಿ ಆ ಹೊತ್ತಿಗೆ ಡಿಸ್ಕ್ ಹೇಗಿರುತ್ತಿತ್ತು ಎಂದು ನೋಡಬಹುದು. ಪ್ಲಗ್ ಕೀಳದೆ ಮಾಡುವ ಪರೀಕ್ಷೆ ಎಂದರೆ ಇದೇ. ಆದರೆ ಇದು ತೋರಿಸುವುದು ಅಪ್ಲಿಕೇಶನ್ ಮತ್ತು ಫೈಲ್ ಸಿಸ್ಟಮ್ ಸರಿಯಾಗಿ ಫ್ಲಶ್ ಕೇಳುತ್ತಿವೆಯೇ ಎಂಬುದನ್ನು ಮಾತ್ರ. ಕಾರ್ಡಿನ ಪ್ರಾಮಾಣಿಕತೆಗೆ ಕರೆಂಟು ತೆಗೆಯಲೇಬೇಕು.

ಅದಕ್ಕೆ ರಿಲೇ ಕಟ್ಟಿ. ಪೆಟ್ಟಿಗೆಯ ಹೊರಗಿನ ಇನ್ನೊಂದು ಕಂಪ್ಯೂಟರ್ ರಿಲೇ ನಡೆಸಲಿ. ಬರೆಯುವ ಪ್ರೋಗ್ರಾಮ್ 4 ಕೆಬಿಯ ದಾಖಲೆಗಳಲ್ಲಿ ಕ್ರಮಸಂಖ್ಯೆ ಮತ್ತು ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ತಿಳಿಸುವ ಚೆಕ್‌ಸಮ್) ಇಟ್ಟು, ಎಫ್‌ಸಿಂಕ್ ಹಿಂದಿರುಗಿದ ನಂತರ ಆ ಸಂಖ್ಯೆಯನ್ನು ಸೀರಿಯಲ್ ತಂತಿಯಲ್ಲಿ ಹೊರಗೆ ಹೇಳಲಿ. ರಿಲೇ ಯಾದೃಚ್ಛಿಕ ಗಳಿಗೆಯಲ್ಲಿ ಕರೆಂಟು ಕಡಿಯಲಿ. ಮತ್ತೆ ಬೂಟ್ ಆದಾಗ, ಹೊರಗೆ ಹೇಳಿದ ಪ್ರತಿ ಸಂಖ್ಯೆಯೂ ಒಳಗೆ ಇರಬೇಕು. ಹೇಳದೆ ಉಳಿದ ಒಂದೆರಡು ಹೆಚ್ಚಿಗೆ ಇದ್ದರೆ ತಪ್ಪಲ್ಲ. ಕೊನೆಯ ಸಂಖ್ಯೆಗಳನ್ನಷ್ಟೇ ನೋಡಿ ಬಿಡಬೇಡಿ, ಹಳೆಯ ದಾಖಲೆಗಳ ಸಿಆರ್‌ಸಿಯನ್ನೂ ಪರೀಕ್ಷಿಸಿ. ಜೋಡಿ ಪುಟದ ಕಾಯಿಲೆ ಸಿಕ್ಕುವುದು ಅಲ್ಲಿಯೇ. ಕಾರ್ಡನ್ನು ಮೊದಲು ಶೇ 90ರಷ್ಟು ತುಂಬಿಸಿಡಿ, ಇಲ್ಲದಿದ್ದರೆ ಕಸ ಸಂಗ್ರಹ ಓಡುವುದಿಲ್ಲ, ಅದರ ನಡುವೆ ಕರೆಂಟು ಹೋಗುವ ಸಂದರ್ಭ ಪರೀಕ್ಷೆಗೆ ಬರುವುದಿಲ್ಲ. ಸಾವಿರ ಸುತ್ತು ಎಂದರೆ ಒಂದೆರಡು ರಾತ್ರಿಯ ಕೆಲಸ, ಜನ ಕೂರಬೇಕಿಲ್ಲ.

ಕಡಿಯುವುದು ಅಡಾಪ್ಟರ್‌ನ ಡಿಸಿ ಬದಿಯಲ್ಲಿ ಇರಲಿ. ಗೋಡೆಯ ಕಡೆ ಕಡಿದರೆ ಅಡಾಪ್ಟರ್‌ನ ಕೆಪಾಸಿಟರ್‌ಗಳು ಹತ್ತಾರು ಮಿಲಿಸೆಕೆಂಡು ಎಳೆದು ಹಲವು ತಪ್ಪುಗಳನ್ನು ಮುಚ್ಚಿಹಾಕುತ್ತವೆ. ಆದರೆ ನಿಮ್ಮ ಪೆಟ್ಟಿಗೆ ನಿಜಕ್ಕೂ ಇರುವ ಜಾಗದಲ್ಲಿ ಕರೆಂಟು ಕತ್ತರಿಸಿದಂತೆ ಹೋಗುವುದೂ ಅಪರೂಪ, ಮೋಟಾರು ಶುರುವಾದಾಗ ಕುಸಿಯುತ್ತದೆ, ಬ್ಯಾಟರಿ ಬತ್ತುತ್ತಾ ಇಳಿಯುತ್ತದೆ. ಆದ್ದರಿಂದ ಎರಡನೆಯ ಸುತ್ತಿನಲ್ಲಿ ಬೆಂಚ್ ಸಪ್ಲೈನಿಂದ ವೋಲ್ಟೇಜನ್ನು ಒಂದೆರಡು ಸೆಕೆಂಡಿನಲ್ಲಿ ನಿಧಾನಕ್ಕೆ ಇಳಿಸಿ ಏರಿಸಿ ನೋಡಿ. 3.3 ವೋಲ್ಟ್ ನ್ಯಾಂಡ್‌ಗೆ ಸಾಮಾನ್ಯವಾಗಿ 2.7 ಕೊನೆಯ ಗಡಿ. ಅದರ ಕೆಳಗೆ ಎಫ್‌ಪಿಜಿಎ ಇನ್ನೂ ಬದುಕಿದ್ದು ಪ್ರೋಗ್ರಾಮ್ ಆಜ್ಞೆ ಕೊಡುತ್ತಿದ್ದರೆ ನ್ಯಾಂಡ್ ಏನು ಬರೆಯುತ್ತದೆಂದು ಹೇಳಲಾಗದು. ವೋಲ್ಟೇಜ್ ಡಿಟೆಕ್ಟರ್ ಚಿಪ್ ಒಂದನ್ನು 2.9ರ ಆಸುಪಾಸಿಗೆ ಇಟ್ಟು, ಅದು ಎಚ್ಚರಿಸಿದ ಕೂಡಲೇ ಹೊಸ ಪ್ರೋಗ್ರಾಮ್ ಆಜ್ಞೆ ನಿಲ್ಲುವಂತೆಯೂ, ನಡೆಯುತ್ತಿರುವುದು ಮುಗಿಯಲು ಒಂದೆರಡು ಮಿಲಿಸೆಕೆಂಡು ಕೊಟ್ಟು ಆಮೇಲೆ ರೈಟ್-ಪ್ರೊಟೆಕ್ಟ್ ಪಿನ್ ಕೆಳಗೆಳೆಯುವಂತೆಯೂ ಮಾಡಿ. ಆ ಒಂದೆರಡು ಮಿಲಿಸೆಕೆಂಡು ವೋಲ್ಟೇಜ್ 2.7ರ ಮೇಲೆ ನಿಲ್ಲುವಷ್ಟು ಕೆಪಾಸಿಟರ್ ನ್ಯಾಂಡ್‌ನ ಹಳಿಯ ಮೇಲೆ ಇದೆಯೇ ಎಂದು ಸ್ಕೋಪ್ ಹಾಕಿ ನೋಡಿಕೊಳ್ಳಿ.